ಓಬಕ್ಕ ಹೆಸರಿಟ್ಟ ಮಗು

ಬೆಳಕು ಇನ್ನೂ ನೆಲ ಮುಟ್ಟಿಲ್ಲ. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನ ಬಚ್ಚಲಲ್ಲಿ ಓಬಕ್ಕ ಕಾಲು ಚಾಚಿ ಕುಳಿತಿದ್ದಾರೆ. ಕಾಲುಗಳ ಮೇಲೆ ಒಂಬತ್ತು ದಿನದ ಗಂಡುಕೂಸು. ನೀರಿನ ಬಿಸಿಯನ್ನು ಮೊಣಕೈಗೆ ತಾಗಿಸಿ ನೋಡಿ, ಬೆನ್ನಿಗೆ ಎರೆಯುತ್ತಾರೆ. ಕೂಸು ಕಿರುಚುತ್ತದೆ.

"ಅಳಪ್ಪ, ಅಳು. ಟೇಸನ್ ಮಾಸ್ತರಿಗೆ ಕೇಳ್ಬೇಕು ನೋಡು!"

ಬಾಗಿಲಲ್ಲಿ ನಿಂತ ನರ್ಸ್ ಸರ್ವಮಂಗಳ ರೇಗಿಸುತ್ತಾರೆ: "ಹೆರಿಗೆ ಮಾಡ್ಸಿದ್ದು ನಾನು, ಹೆಸ್ರು ಮಾತ್ರ ನಿಂದು. ಅಲ್ವೇನಜ್ಜಿ?"

"ನೀ ಸೂಜಿ ಚುಚ್ತೀಯ, ನಾನು ನೀರು ಎರೀತೀನಿ. ಯಾರ್‌ನ ನೆನೀತಾರೆ ನೀನೇ ಹೇಳವ್ವ!"

ಇದು ತೊಂಬತ್ತನೆಯ ಇಸವಿ. ಓಬಕ್ಕನಿಗೆ ಎಪ್ಪತ್ತು ದಾಟಿದೆ. ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದು, ಅತ್ತೆಯಿಂದ ಸೂಲಗಿತ್ತಿಯ ಕೆಲಸ ಕಲಿತವರು. ಇಲ್ಲಿನ ಚರ್ಚಿನ ಗೋಡೆಗಲ್ಲಿನಲ್ಲಿ ಅನೇಕರ ಹೆಸರಿದೆ, ಓಬಕ್ಕನ ಹೆಸರಿಲ್ಲ. ಆದರೂ ಅರವತ್ತು ಮನೆಗಳ ಈ ಕ್ರೈಸ್ತ ಸಮುದಾಯದ ಹಿರಿಯರು ತಮ್ಮ ಮೊದಲ ದಿನಗಳನ್ನು ನೆನೆಯುವುದು ಇವರಿಂದಲೇ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇಲ್ಲಿದ್ದದ್ದು ನಾಲ್ಕು ಕಥೋಲಿಕ ಮನೆಗಳು. ಹಳಿ ಕಾಯುವ ಗ್ಯಾಂಗ್‌ಮನ್‌ಗಳು, ಒಬ್ಬ ಕಲ್ಲುಕುಟಿಗ. ಚರ್ಚು ಇರಲಿಲ್ಲ. ತಿಂಗಳಿಗೊಮ್ಮೆ ಚಿತ್ರದುರ್ಗದಿಂದ ಫಾದರ್ ರೈಲಿಳಿದು ಬರುತ್ತಿದ್ದರು. ಆ ದಿನ ಕ್ವಾರ್ಟರ್ಸಿನ ಜಗುಲಿಯ ಮೇಜೇ ಬಲಿಪೀಠ. ಆದರೆ ಹುಟ್ಟು, ಸಾವುಗಳು ತಿಂಗಳು ಕಾಯುವುದಿಲ್ಲ. ಹುಟ್ಟಿದ ಕೂಸು ಉಳಿಯುವಂತಿಲ್ಲದಿದ್ದರೆ, ಗುರುಗಳಿಲ್ಲದ ಹೊತ್ತಿನಲ್ಲಿ ಯಾರು ಬೇಕಾದರೂ, ಕ್ರೈಸ್ತರಲ್ಲದವರೂ, ತಲೆಗೆ ನೀರು ಸುರಿದು ಜ್ಞಾನಸ್ನಾನ ಕೊಡಬಹುದೆಂಬುದು ಧರ್ಮಸಭೆಯ ನಿಯಮ. ನೀರು ಸುರಿಯುವಾಗ ಹೇಳಬೇಕಾದ ನಾಲ್ಕು ಸಾಲಿನ ಮಾತನ್ನು ಫಾದರ್ ಊರಿನ ಸೂಲಗಿತ್ತಿಗೆ ಕಲಿಸಿದರು.

"ಕುರಿ ಕಾಯ್ತಾ ಕಾಯ್ತಾ ಬಾಯಿಪಾಠ ಮಾಡ್ದೆ. ಕುರಿಗಳಿಗೂ ಬಂದಿರ್ಬೇಕು!" ಎಂದು ಓಬಕ್ಕ ನಗುತ್ತಾರೆ.

ನಗು ನಿಲ್ಲುವುದು ಐವತ್ತೈದನೆಯ ಇಸವಿಯ ಒಂದು ಬೆಳಗಿನ ಮಾತು ಬಂದಾಗ. ಗ್ಯಾಂಗ್‌ಮನ್ ಇನ್ನಾಸಪ್ಪನ ಹೆಂಡತಿ ಜ್ಞಾನಮ್ಮನಿಗೆ ಏಳು ತಿಂಗಳಿಗೇ ಹೆರಿಗೆ. ತಾಯಿಗೆ ಎಚ್ಚರವಿಲ್ಲ, ಗಂಡ ಹಳಿಯ ಮೇಲೆ. ಹೆಣ್ಣುಕೂಸಿನ ಉಸಿರು ದೀಪದ ಕುಡಿಯಂತೆ ತೂಗುತ್ತಿದೆ. ಓಬಕ್ಕ ಕುಡಿಯುವ ಗಡಿಗೆಯಿಂದ ನೀರು ಮೊಗೆದರು.

"ಹೆಸ್ರು ಹೇಳಿ ನೀರು ಹಾಕು ಅಂದಿದ್ರು. ಕಿರಸ್ತಾನ್ರ ಹೆಸ್ರು ಒಂದೂ ನಾಲಿಗೆಗೆ ಬರ್ಲಿಲ್ಲ ಕಣ್ರಿ. ನಮ್ಮವ್ವನ ಹೆಸ್ರು ಬಂತು. ಏಕನಾಥಮ್ಮ ಅಂದೆ, ಸುರಿದೆ."

ಗಳಿಗೆಯೊಳಗೆ ಕೂಸು ಹೋಯಿತು. ಆಗಷ್ಟೇ ನಾಲ್ಕು ಮನೆಯವರು ತಮ್ಮ ಸ್ಮಶಾನಕ್ಕೆ ಬೇಲಿ ಕಟ್ಟಿದ್ದರು. ಒಳಗೆ ಒಂದು ಸಮಾಧಿಯೂ ಇರಲಿಲ್ಲ. ಜ್ಞಾನಸ್ನಾನವಿಲ್ಲದ ಕೂಸನ್ನು ಬೇಲಿಯ ಹೊರಗೆ ಹೂಳುವುದು ಅಂದಿನ ರೂಢಿ. ಕಲ್ಲುಕುಟಿಗ ಚೌರಪ್ಪ, ನಾಲ್ಕು ಮನೆಗಳಿಗೂ ಹಿರಿಯ, ಖಡಾಖಂಡಿತವಾಗಿ ಹೇಳಿದ: "ಏಕನಾಥಮ್ಮ ಅಂದ್ರೆ ದುರ್ಗದ ದೇವತೆ, ಆ ಹೆಸ್ರಲ್ಲಿ ನೀರು ಹಾಕವ್ಳೆ. ಇದು ಜ್ಞಾನಸ್ನಾನ ಆಗ್ತದಾ? ಹೊರಗೇ ಅಗೀರಿ." ಓಡಿ ಬಂದಿದ್ದ ಇನ್ನಾಸಪ್ಪ ತಲೆ ತಗ್ಗಿಸಿ ನಿಂತ.

ಓಬಕ್ಕ ಬಟ್ಟೆ ಸುತ್ತಿದ ಕೂಸನ್ನು ತೊಡೆಯಿಂದ ಇಳಿಸಲಿಲ್ಲ. "ಫಾದರ್ ಬರ್ಲಿ. ಅಲ್ಲೀಗಂಟ ಕೊಡಲ್ಲ ಅಂದೆ." ಸ್ಟೇಷನ್ನಿನಿಂದ ದುರ್ಗಕ್ಕೆ ಸುದ್ದಿ ಹೋಯಿತು. ಮಧ್ಯಾಹ್ನದ ಗಾಡಿಗೆ ಬಂದ ಫಾದರ್ ಎರಡೇ ಪ್ರಶ್ನೆ ಕೇಳಿದರು: ಯಾವ ನೀರು? ಯಾವ ಮಾತು? ಓಬಕ್ಕ ಪಿತನಿಂದ ಪವಿತ್ರಾತ್ಮನವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದರು. ಫಾದರ್ ಚೌರಪ್ಪನತ್ತ ತಿರುಗಿದರು: "ನೀರು ಸರಿ, ಮಾತು ಸರಿ. ಹೆಸರಿನಿಂದ ಏನೂ ಕೆಡುವುದಿಲ್ಲ. ಒಳಗೇ ಅಗೆಯಿರಿ."

ಮೊದಲು ಹಾರೆ ಹಿಡಿದವನು ಚೌರಪ್ಪನೇ. ಮುಂದೆ ಒಂದು ಕಲ್ಲಿನ ಶಿಲುಬೆಯನ್ನೂ ಅವನೇ ಕಡೆದು, 'ಏಕನಾಥಮ್ಮ' ಎಂದು ಕೆತ್ತಿ ನೆಟ್ಟ. ಆ ಸಮುದಾಯ ಈ ಮಣ್ಣಿನಲ್ಲಿ ಬೇರು ಬಿಟ್ಟದ್ದು ಒಂದು ಗೇಣಿನ ಆ ಗುಳಿಯಿಂದ. ಒಂಬತ್ತು ವರ್ಷಕ್ಕೆ ಚರ್ಚು ಎದ್ದಿತು. ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದಲೂ ಮನೆಗಳು ಬಂದು ಸೇರಿದವು. ಓಬಕ್ಕ ಇನ್ನೂ ಹನ್ನೊಂದು ಕೂಸುಗಳಿಗೆ ಹೀಗೆ ನೀರೆರೆದರು. ಏಳು ಬದುಕಿದವು, ಅವರಲ್ಲೊಬ್ಬಳು ಈಗ ಹಿರಿಯೂರಿನಲ್ಲಿ ಶಾಲೆಯ ಮೇಡಂ.

ಜ್ಞಾನಮ್ಮನಿಗೀಗ ಐವತ್ತೈದು. "ಓಬಕ್ಕ ಅವತ್ತು ಕೈ ಸಡಿಲ ಬಿಟ್ಟಿದ್ರೆ ನನ್ ಮಗು ಬೇಲಿ ಆಚೆ ಒಂದೇ ಇರ್ತಿತ್ತು," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಓಬಕ್ಕ ಮುಖ ಆಚೆ ತಿರುಗಿಸುತ್ತಾರೆ.

"ನಾನೇನ್ ಮಾಡ್ದೆ? ಗಾಡಿ ಬರೋಗಂಟ ಇಟ್ಕಂಡು ಕುಂತಿದ್ದೆ. ಭಾರನೇ ಇರ್ಲಿಲ್ಲ ಕಣ್ರಿ ಅದು."