ಗಡಿ ದಾಟಿದ ಮಾತನ್ನು ಮನೆ ಮುಟ್ಟಿಸುವ ವಿಶಾಖಾ

ಭಾಲ್ಕಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಳಮನೆಯಲ್ಲಿ ತಾಯಿ ಕಾಂತಾಬಾಯಿ ಬುದ್ಧನ ಮುಂದೆ ದೀಪ ಹಚ್ಚಿ ತ್ರಿಶರಣ ಹೇಳುತ್ತಿದ್ದಾರೆ. ಪಡಸಾಲೆಯಲ್ಲಿ ಮಗಳು ವಿಶಾಖಾ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಪರದೆಯ ಮೇಲೆ ಮಾತು ಸಾಲುಸಾಲಾಗಿ ಏರಿಬರುತ್ತದೆ. ಬ್ರೆಜಿಲಿನವನು ಬಯ್ಯುತ್ತಾನೆ, ಜಕಾರ್ತಾದವಳು ನಗುತ್ತಾಳೆ, ಹುಮನಾಬಾದಿನವನು ಚಹಾ ಆಯಿತೇ ಎಂದು ಕೇಳುತ್ತಾನೆ. ನಸುಕಿನಲ್ಲಿ ಆಲದ ಮರದ ಕೆಳಗೆ ನಿಂತ ಹಾಗೆ: ಎಷ್ಟು ಹಕ್ಕಿ, ಎಷ್ಟು ದನಿ!

"ಮಂದಿ ಆಟ ಆಡೋದು ನೋಡ್ಕೋತ ಕೂಡ್ತಾಳ, ಅದಕ್ಕ ಪಗಾರ ಬ್ಯಾರೆ!" ಕಾಂತಾಬಾಯಿ ಚಹಾ ತಂದಿಟ್ಟು ನಮಗೆ ಹೇಳುತ್ತಾರೆ. "ನಮ್ಮ ಕಾಲದಾಗ ಆಟ ಆಡಿದ್ರ ಬೆನ್ನಿಗಿ ಬೀಳ್ತಿತ್ತರಿ."

"ಯವ್ವಾ, ನಾ ನೋಡಾಂಗಿಲ್ಲ, ಕಾಯ್ತೇನಿ."

ಅದು ಮೊಬೈಲಿನಲ್ಲಿ ಜಗತ್ತಿನ ಜನ ಒಟ್ಟಿಗೆ ಆಡುವ ಯುದ್ಧದ ಆಟ. ಎಲ್ಲರ ಮಾತೂ ಮೊದಲು ಒಂದೇ ಅಂಗಳಕ್ಕೆ ಬೀಳುತ್ತದೆ. ಮಾತು ಯಾವ ಟವರಿನಿಂದ ಬಂತೆಂದು ನೋಡಿ ಯಂತ್ರ ಅದನ್ನು ಸೋಸಿ ಆಯಾ ಸೀಮೆಯ ಅಂಗಳಕ್ಕೆ ಹಂಚುತ್ತದೆ. ಯಂತ್ರಕ್ಕೆ ಅನುಮಾನ ಬಂದದ್ದೆಲ್ಲ ವಿಶಾಖಾಳ ಪಾಲು. ಆಟಗಾರರೊಡನೆ ಅವಳು ಒಂದು ಮಾತೂ ಆಡಕೂಡದು. ಕಾಣದವರ ದನಿಗೆ ಹೀಗೆ ದಿನವೂ ಕಾವಲು ಕೂರುವುದು ಸಣ್ಣ ಕೆಲಸವಲ್ಲ. ಮನೆಯವರೊಬ್ಬರ ದನಿ ಶಾಶ್ವತವಾಗಿ ನಿಂತುಹೋದ ಯಾರಿಗೂ ಅದರ ಬೆಲೆ ಗೊತ್ತು.

ಯಂತ್ರ ಸೋಲುವುದು ಔರಾದಿನ ಆಚೆ, ರಾಜ್ಯದ ಗಡಿಯಲ್ಲಿ. ಖಟಕ ಚಿಂಚೋಳಿಯ ಕಾಶೀನಾಥ ಅಲ್ಲಿ ಕುರಿ ಮೇಯಿಸುತ್ತಾನೆ. ಹಿಂಡು ಹಳ್ಳ ದಾಟಿದರೆ ಅವನ ಫೋನು ಮಹಾರಾಷ್ಟ್ರದ ಟವರು ಹಿಡಿಯುತ್ತದೆ, ಮಾತು ಅತ್ತ ಹೋಗುತ್ತದೆ. ಪದೇಪದೇ ಸೀಮೆ ಬದಲಿಸುವವನು ಮೋಸಗಾರ, ಅವನ ಮಾತು ತಡೆಯಬೇಕು ಎಂಬುದು ಕಂಪನಿಯ ನಿಯಮ.

ಕಳೆದ ಚಳಿಗಾಲದ ಒಂದು ನಸುಕಿನಲ್ಲಿ ಅವನ ಮಾತೊಂದು ಮರಾಠಿ ಅಂಗಳಕ್ಕೆ ಬೀಳುತ್ತದೆ. "ಹಣಮಂತಣ್ಣಾ, ತ್ವಾಳ ನಿನ್ನ ಹಟ್ಟಿ ಕಡಿ ಬರ್ಲಾಕತ್ತಾವ. ಮರಿ ಒಳಗ ಹಾಕು!" ಕನ್ನಡ ಅರೆಬರೆ ತಿಳಿಯುವ ಅಲ್ಲಿಯ ಹುಡುಗರು, ಆಟಕ್ಕೆ ತೋಳವೂ ಬಂದಿತೇ ಎಂದು ನಗುತ್ತಾರೆ. ಹಳ್ಳದ ಈಚೆಯ ಹೊಲದಲ್ಲಿ ಕುರಿ ನಿಲ್ಲಿಸಿರುವ ಹಣಮಂತಪ್ಪ ಬೀದರದ ಅಂಗಳದಲ್ಲಿ ಗುಂಡು ಹಾರಿಸುತ್ತಾ ಮೈಮರೆತಿದ್ದಾನೆ.

"ಫೋನ್ ಮಾಡಿದ್ರ ಆಟದ ನಡುವ ಎತ್ತಾಂಗಿಲ್ಲರಿ ಅವ," ವಿಶಾಖಾ ಈಗ ನೆನೆದು ಹೇಳುತ್ತಾಳೆ. "ಆ ಆಟದಾಗ ತ್ವಾಳೇ ಇಲ್ಲ. ಮತ್ತ ಆಟಕ್ಕಂತ ಯಾರರೆ ಮರಿ ಒಳಗ ಹಾಕು ಅಂತಾರೇನ್ರಿ?"

ಪರದೆಯ ಮೇಲೆ ಯಂತ್ರದ ತಾಕೀತು: ಈ ಮಾತು ತಡೆಯಿರಿ. ಮೀರಿದರೆ ಕೆಲಸಕ್ಕೇ ಸಂಚಕಾರ. ವಿಶಾಖಾ ಆ ಮಾತನ್ನು ತನ್ನ ಕೈಯಾರೆ ಎತ್ತಿ ಬೀದರದ ಅಂಗಳಕ್ಕೆ ಹಾಕುತ್ತಾಳೆ.

ಹಣಮಂತಪ್ಪ ಆಟದ ನಡುವೆಯೇ ಮಾಯ. "ಓಡಿಹೋದ ನೋಡ್ರೋ, ಪುಕ್ಕಲ!" ಜೊತೆಗಾರರು ಹಂಗಿಸುತ್ತಾರೆ. ವಿಶಾಖಾಳ ಚಹಾ ಆರಿ ಕೆನೆ ಕಟ್ಟುತ್ತದೆ. ಬಿಸಿಲು ಹೊಸ್ತಿಲಿಗೆ ಬಂದಾಗ ಅವನ ಸಾಲು ಮೂಡುತ್ತದೆ: "ತ್ವಾಳ ಬೇಲಿ ತನಕ ಬಂದಿದ್ವು. ಮರಿ ಎಲ್ಲಾ ಅದಾವ."

ಬೀದರದ ಕಚೇರಿಯಿಂದ ಮೇಲಿನವರಾದ ಸುಶೀಲಕುಮಾರರ ಕರೆ ತಡವಾಗುವುದಿಲ್ಲ. "ದಿನಾ ರಾಜ್ಯ ಬದಲಿ ಮಾಡೋ ಮನುಷ್ಯಾನ ಮಾತು ಹ್ಯಾಂಗ ಬಿಟ್ಟೆವಾ?"

"ಸರ್, ಗಡಿ ದಾಟಿದ್ದು ಕುರಿರಿ. ಅವ ಬೆನ್ನ ಹತ್ಯಾನ, ಅಷ್ಟ."

ಆ ಕಡೆಯಿಂದ ನಗು ಕೇಳುತ್ತದೆ. ಕೆಲಸ ಉಳಿಯುತ್ತದೆ. ಈಗ ಗಡಿಯ ಕುರಿಗಾರರು ಎಲ್ಲಿದ್ದರೂ ಅವರ ಮಾತು ತಮ್ಮ ಸೀಮೆಗೇ ಬರುತ್ತದೆ.

ಅಂದು ಕಾಶೀನಾಥ ಅಂಗಳದಲ್ಲಿ ಕೇಳಿದ್ದನಂತೆ, "ಅಣ್ಣಾ, ನನ್ನ ಮಾತು ಆ ಕಡಿ ಹೋಗಿತ್ತಲ್ಲ, ನಿನಗ ಹ್ಯಾಂಗ ಸಿಕ್ತು?" ಹಣಮಂತಪ್ಪನ ಉತ್ತರ: "ಮಷೀನ ಭಾಳ ಶಾಣ್ಯಾ ಅದ ತಮ್ಮಾ!"

ನಾನೇ ಎಂದು ಬರೆಯಬೇಕೆನಿಸಲಿಲ್ಲವೇ? ಕೇಳಿದರೆ ವಿಶಾಖಾ ಸೆರಗಿನಲ್ಲಿ ನಗು ಮುಚ್ಚುತ್ತಾಳೆ.

"ಮರಿ ಉಳದಾವಲ್ರಿ. ಪುಣ್ಯಾ ಮಷೀನಿಗೇ ಹೋಗ್ಲಿ ಬಿಡ್ರಿ, ಪಾಪ, ಅದಕ್ಕರೆ ಯಾರ ಅದಾರ?"