ಮತ ಕೇಳಲು ಹೋದ ಟೈಪಿಸ್ಟ್

ಎಲ್‌ಎಲ್‌.ಬಿ. ಮುಗಿಸಿ ಮಸ್ಕತ್ತಿಗೆ ಹೋದ ನಾನು ಅಲ್ಲಿ ಮಾಡಿದ್ದು ಟೈಪಿಂಗ್. ಊರಿನವರಿಗೆ ಮಾತ್ರ ನಾನು ಲಾಯರು. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಸಾಹೇಬನಾಗಿದ್ದವನು ನಿಜವಾದ ಲಾಯರು, ಅಮೆರಿಕದವನು. ಕಂಪೆನಿಯ ಕರಾರುಗಳನ್ನು ನೋಡಿ ಬೇಸತ್ತು, ಕೆಲಸ ಬಿಟ್ಟು ತನ್ನೂರಿನ ಚುನಾವಣೆಗೆ ನಿಂತ. ಹೊರಡುವ ಮೊದಲು ಮತದಾರರಿಗೆ ಬರೆದ ಪತ್ರಗಳನ್ನು ಟೈಪ್ ಮಾಡಿದ್ದು ನಾನೇ. ‘ನಾನು ಯೋಗ್ಯ, ನನಗೇ ಮತ ಕೊಡಿ’ ಎಂದು ಒಂದಿಷ್ಟೂ ನಾಚದೆ ಬರೆಸಿದ್ದ. ಮೊದಲ ಸಲ ಸೋತ. ಎರಡನೆಯ ಸಲ ಗೆದ್ದು ಶಾಸಕನಾಗಿ ನನಗೊಂದು ಪತ್ರ ಹಾಕಿದ. ಅದನ್ನೋದಿ ನನ್ನ ತಲೆಯೂ ತಿರುಗಿತು: ನಾಚದೆ ಕೇಳಿದರೆ ಸಿಗುತ್ತದೆ!

ಆಗ ನಮ್ಮ ಕರಾವಳಿಯವರ ಸಂಘಕ್ಕೆ ಹೊಸ ಕಾರ್ಯದರ್ಶಿ ಬೇಕಾಗಿತ್ತು. ಹತ್ತು ವರ್ಷ ಕುರ್ಚಿ ಜೋಡಿಸಿದವನು ನಾನು. ಒಮ್ಮೆಯಾದರೂ ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂರುವ ಆಸೆ, ಸುಳ್ಳೇಕೆ ಹೇಳಲಿ. ಆದರೆ ಸಂಘದಲ್ಲಿ ಚುನಾವಣೆಯ ಪದ್ಧತಿಯೇ ಇರಲಿಲ್ಲ. ಸಂಘದ ಹಿರಿಯರೊಬ್ಬರು ಎದ್ದು ಒಂದು ಹೆಸರು ಹೇಳುವುದು, ಆತ ‘ನನ್ನಿಂದಾಗದು’ ಎಂದು ಎರಡು ಸಲ ಕೊಸರಾಡುವುದು, ಮೂರನೆಯ ಸಲಕ್ಕೆ ಚಪ್ಪಾಳೆ.

ನಾನು ನನ್ನ ಗುಣಗಾನವನ್ನು ನಾನೇ ಟೈಪ್ ಮಾಡಿ, ಪ್ರತಿ ತೆಗೆದು, ರಜೆಯ ಶುಕ್ರವಾರ ಮಧ್ಯಾಹ್ನ, ನಮ್ಮೂರಿನವರೇ ಹೆಚ್ಚಿದ್ದ ವಾದಿ ಕಬೀರ್ ಬಡಾವಣೆಯ ಮನೆಮನೆಗೆ ಹೊರಟೆ.

“ಮರ್ಯಾದೆ ತೆಗಿಬೇಡಿ ಮಾರಾಯ್ರೆ, ಸುಮ್ನೆ ಕೂತ್ಕೊಳ್ಳಿ,” ಎಂದಳು ಹೆಂಡತಿ.

“ಅಮೆರಿಕದಲ್ಲಿ ಎಲ್ರೂ ಹೀಗೇ ಮಾಡುದು.”

“ಅವ ಅಮೆರಿಕದವ. ನೀವು ಕಾಪುವಿನವರು.”

ಮೀನು ಸಾರು ಉಂಡು ಮಲಗಿದ್ದವರು ಲುಂಗಿ ಸರಿಮಾಡುತ್ತ ಬಾಗಿಲು ತೆರೆದರು. ಎಲ್ಲರ ಕೈ ಕುಲುಕಿದೆ. ಒಬ್ಬರೂ ಒಳಗೆ ಕರೆಯಲಿಲ್ಲ. ಪಾಪ, ನಿದ್ದೆಗಣ್ಣು ಎಂದುಕೊಂಡೆ.

ಎರಡು ದಿನ ಬಿಟ್ಟು ಸಭೆ. ಹಿರಿಯರು ಎದ್ದು ಹೇಳಿದ ಹೆಸರು ನನ್ನದಲ್ಲ, ಕೆಲಸದ ಮೇಲೆ ದೂರದ ಬುರೈಮಿ ಊರಿಗೆ ಹೋಗಿದ್ದ ಒಬ್ಬನದು. ಕೊಸರಾಡಲು ಅವನು ಅಲ್ಲಿರಲೇ ಇಲ್ಲ, ನೇರ ಚಪ್ಪಾಳೆಯೇ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು.

ಚಹಾದ ಹೊತ್ತಿಗೆ ಹಿರಿಯರು ನನ್ನನ್ನು ಬದಿಗೆ ಕರೆದರು. “ಈ ಸಲ ನಿಮ್ಮ ಹೆಸರೇ ಹೇಳುದು ಅಂತ ನಾವೆಲ್ಲ ಮಾತಾಡಿ ಆಗಿತ್ತು. ನೀವೇ ಹೇಳ್ಕೊಂಡು ತಿರುಗಿದ ಮೇಲೆ ನಾನು ಎಂತ ಹೇಳುದು?”

ಹತ್ತು ವರ್ಷ ಕಾದವನಿಗೆ ಇನ್ನೆರಡು ದಿನ ಸುಮ್ಮನಿರಲು ಆಗಲಿಲ್ಲ. ಖಾಲಿ ಲೋಟ ಕೆಳಗಿಟ್ಟು, ಕುರ್ಚಿಗಳನ್ನು ಮಡಚಿಡಲು ಹೋದೆ.