ರುದ್ರಣ್ಣ ಕಾಣದ ಬಳೆ

ಬಿಸಿಲಿನ ನಡುವೆಯೇ ಮಳೆ ಹನಿಯತೊಡಗಿದರೆ ನಾವೆಲ್ಲ ತಲೆ ಮುಚ್ಚಿಕೊಂಡು ಓಡುತ್ತಿದ್ದೆವು. ತಾಳ್ಯದ ರುದ್ರಣ್ಣ ಮಾತ್ರ ನಿಂತಲ್ಲೇ ನಿಂತು ತನ್ನ ನೆರಳನ್ನು ಹುಡುಕುತ್ತಿದ್ದ. "ಸೂರ್ಯಂಗೆ ಬೆನ್ನು ಕೊಡಲೇ. ನಿನ್ನ ನೆರಳಿನ ತಲೆ ಎಲ್ಲೈತೋ ಅದೇ ನಡುಮಧ್ಯ. ಕಾಮನಬಿಲ್ಲು ಅದರ ಸುತ್ತಾನೇ ಬರಬೇಕು," ಎನ್ನುತ್ತಿದ್ದ.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವುದು ನಮ್ಮಿಬ್ಬರ ಕೆಲಸ. ಊರವರ ಬಾಯಲ್ಲಿ ಅವು ಬರೀ ಫ್ಯಾನು. ನನಗೆ ಕೆಲಸ ಕಲಿಸಿದವನು ರುದ್ರಣ್ಣನೇ, ಬೈಗುಳದ ಜೊತೆಗೆ ಒಂದಿಷ್ಟು ವಿಜ್ಞಾನವನ್ನೂ ಕಲಿಸಿದ. ಬೆಳಕು ಹನಿಯೊಳಗೆ ಹೊಕ್ಕು ಬಾಗಿ, ಹಿಂದಿನ ಗೋಡೆಗೆ ತಾಗಿ ಮರಳಿ, ಹೊರಬರುವಾಗ ಮತ್ತೆ ಬಾಗುವುದನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಸಾರು ಹತ್ತಿದ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದ. "ನಲವತ್ತೆರಡು ಡಿಗ್ರಿ ಕಣಲೇ. ಸುತ್ತಾ ಅದೇ ಕೋನ ಅಂದಮ್ಯಾಲೆ ಬಿಲ್ಲು ಹೆಂಗಾಗುತ್ತೆ? ಪೂರ್ತಿ ಬಳೆ ಅದು. ಕೆಳಗಿಂದು ನೆಲ ನುಂಗೈತೆ."

ಫ್ಯಾನಿನ ನೆತ್ತಿಯ ಮೇಲೆ ನಿಂತು ಆ ಬಳೆಯನ್ನು ಒಮ್ಮೆ ನೋಡಬೇಕೆಂಬುದು ಅವನ ಹಟ. ಹದಿನೈದು ವರ್ಷದಲ್ಲಿ ಬಿಸಿಲು, ಮಳೆ, ಮೇಲಿನ ಕೆಲಸ ಮೂರೂ ಒಂದು ದಿನವೂ ಕೂಡಿಬರಲಿಲ್ಲ. ಅಷ್ಟರಲ್ಲಿ ಮಂಡಿ ಸವೆದು, ಇನ್ನು ಹತ್ತಕೂಡದೆಂದು ಡಾಕ್ಟರು ಬರೆದುಕೊಟ್ಟರು.

ಫ್ಯಾನಿನ ಕೆಲಸದಲ್ಲಿ ಅವನ ಕೊನೆಯ ದಿನ ಕಂಬದೊಳಗಿನ ಲಿಫ್ಟಿನಲ್ಲಿ ಹೊರಟೆವು. ಭುಜಕ್ಕೆ ಭುಜ ತಾಗಿಸಿ ಇಬ್ಬರು ನಿಲ್ಲುವಷ್ಟೇ ಜಾಗ. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಕೆಳಗಿನ ವಾಚ್‌ಮನ್ ವಾಕಿಟಾಕಿಯಲ್ಲಿ ಕೂಗಿದ: "ಅಣ್ಣಾ, ಬಿಸಿಲು ಮಳೆ ಎರಡೂ ಬಂದಾವೆ! ಕಾಮನಬಿಲ್ಲು ಬಿದ್ದೈತೆ ನೋಡ್ರಿ!"

ನೋಡುವುದೆಲ್ಲಿಂದ ಬಂತು? ಸುತ್ತಲೂ ಕಬ್ಬಿಣ. ಕರೆಂಟಿಲ್ಲದಾಗ ಆ ಲಿಫ್ಟನ್ನು ಇಳಿಸಲು ಕೈಬ್ರೇಕು ಉಂಟು, ಏರಿಸಲು ಏನೂ ಇಲ್ಲ. ಪಕ್ಕದಲ್ಲೇ ಏಣಿ ಇತ್ತು, ಅವನ ಮಂಡಿಗೆ ಅದು ಇದ್ದೂ ಇಲ್ಲದಂತೆ.

"ಇಳಿಸ್ಲಾ ಅಣ್ಣಾ?"

"ತಡಿಯಲೇ, ಕರೆಂಟ್ ಬರ್ತತೆ."

ಮತ್ತೆ ಮತ್ತೆ ಕೇಳಿದೆ, ಮತ್ತೆ ಮತ್ತೆ ಅದೇ ಉತ್ತರ. ಬೆವರಿಳಿದು, ಉಸಿರುಕಟ್ಟಿ, ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಅವನೋ ಬಾಗಿಲ ಸಂದಿಗೆ ಕಿವಿಯಿಟ್ಟು ಕಂಬದ ಮೇಲೆ ಬೀಳುವ ಹನಿಗಳನ್ನು ಕೇಳುತ್ತಿದ್ದ. ಸದ್ದು ಪೂರಾ ನಿಂತ ಮೇಲೆ ತಾನೇ ಬ್ರೇಕಿಗೆ ಕೈ ಹಾಕಿದ.

"ಇಳಿಯಾಣ," ಅಂದ.

ಮರುದಿನದಿಂದ ಅವನು ಹೊಳಲ್ಕೆರೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುತ್ತಾ ಕೂತ. ಮುಂದಿನ ಮಳೆಗಾಲದ ಒಂದು ಸಂಜೆ, ಗುಡುಗು ಮಿಂಚಿಲ್ಲದ ಬಿಸಿಲುಮಳೆಯಲ್ಲಿ, ನಾನು ಬೆಲ್ಟು ಬಿಗಿದುಕೊಂಡು ನೆತ್ತಿಯ ಅಂಚಿನಲ್ಲಿ ನಿಂತಿದ್ದೆ. ಎದುರಿನ ಬಿಲ್ಲು ಕೆಳಗಿಳಿಯುತ್ತಾ ಬಂದು ನನ್ನ ಕಾಲ ಬುಡದಲ್ಲಿ ಕೂಡಿಕೊಂಡಿತು. ನಡುವೆ ಫ್ಯಾನಿನ ನೆರಳು, ಅದರ ತುದಿಗೆ ನನ್ನ ತಲೆ. ಲಿಫ್ಟಿನಲ್ಲಿ ಅವನ ಮೇಲೆ ಸಿಟ್ಟಾದದ್ದು ನೆನಪಾಗಿ, ಸಂತೋಷಕ್ಕಿಂತ ಮೊದಲು ನನಗೆ ನಾಚಿಕೆಯಾಯಿತು. ಫೋನು ಮಾಡಿದೆ.

"ಅಣ್ಣಾ, ಪೂರ್ತಿ ಬಳೆ ಐತೆ. ಫೋಟೋ ಕಳಿಸ್ಲಾ?"

ಅತ್ತ ನಟ್ಟುಗಳನ್ನು ಡಬ್ಬಿಗೆ ಹಾಕುವ ಸದ್ದು ಕೇಳಿಸಿತು.

"ಬ್ಯಾಡಪ್ಪ," ಅಂದ. "ನಡುವೆ ಇರೋದು ನಿನ್ನ ನೆರಳು. ನಂದಲ್ಲ."